ದಂಡಿನವರ ಮುದ್ರಾವಾಕ್ಯಗಳು

ಸೈನ್ಯದಲ್ಲಿ ನೌಕರಿಯಲ್ಲಿರುವ ಹುಡುಗರು ರಜೆಯ ಮೇಲೆ ಊರಿಗೆ ಬಂದಾಗ ಅವರ ಟೋಪಿಯ ಬಿಲ್ಲೆಯನ್ನೋ, ಗೋಡೆಗೆ ತೂಗುಹಾಕಲೆಂದು ಅವರು ತಂದ ಮರದ ಫಲಕವನ್ನೋ ಮನೆಯ ಮಕ್ಕಳು ಕೈಗೆತ್ತಿಕೊಂಡು ಹೊರಳಿಸಿ ನೋಡುವುದು ಸಹಜವಷ್ಟೆ. ಅದರಲ್ಲಿ ಆನೆಯೋ ಹದ್ದೋ ಕತ್ತಿಯೋ ಒಂದು ಚಿತ್ರವಿರುತ್ತದೆ. ಚಿತ್ರದ ಕೆಳಗೆ ಸಣ್ಣ ಪಟ್ಟಿಯಲ್ಲಿ ಎರಡು ಮೂರು ಪದಗಳಿರುತ್ತವೆ. ಚಿತ್ರವನ್ನು ಮಕ್ಕಳಿಗೆ ಯಾರೂ ವಿವರಿಸಬೇಕಾದದ್ದಿಲ್ಲ. ಪದಗಳ ಅರ್ಥವನ್ನು ಅವರು ಕೇಳಿದಾಗ ಮಾತ್ರ ಹಿರಿಯರು "ಅದೇನೋ ಸಂಸ್ಕೃತ, ಮೇಷ್ಟರನ್ನು ಕೇಳಿ ಬಾ" ಎಂದು ಅಟ್ಟಿಬಿಡುತ್ತಾರೆ. ನಮ್ಮ ಬದನಗುಪ್ಪೆಯಲ್ಲಿ ಈ ಕಾರಣದಿಂದ ನಮಗೆ ನಿವೃತ್ತಿಯಾದ ಮೇಲೂ ಪಾಠ ಹೇಳುವುದು ತಪ್ಪಿಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಈ ತಿಂಗಳು ವಾಚಕರ ಮುಂದೆ ಒಟ್ಟಾಗಿ ಇಡುತ್ತೇವೆ.

ಇಂತಹ ಮಾತನ್ನು ಧ್ಯೇಯವಾಕ್ಯವೆಂದು ಈಗ ಕರೆಯುವುದು ರೂಢಿ. ಮುದ್ರೆಯೊಡನೆ ಇರುವುದರಿಂದ ಮುದ್ರಾವಾಕ್ಯವೆಂದರೆ ಇನ್ನೂ ಸರಿಯೆಂದು ನಮ್ಮ ಅಭಿಪ್ರಾಯ. ಈ ಪದ್ಧತಿ ನಮ್ಮ ಸೈನ್ಯಕ್ಕೆ ಬಂದದ್ದು ಇಂಗ್ಲಿಷರಿಂದ. ಇಂಗ್ಲಿಷರ ಪಲ್ಟಣಗಳಲ್ಲಿ ಅದು ಬಹುಮಟ್ಟಿಗೆ ಲ್ಯಾಟಿನ್ ಭಾಷೆಯಲ್ಲಿರುತ್ತಿತ್ತು. ಲ್ಯಾಟಿನ್ನೇ ಏಕೆಂದರೆ, ಅದೂ ಸಂಸ್ಕೃತದಂತೆ ವಿಭಕ್ತಿಪ್ರಧಾನವಾದ ಭಾಷೆ. ಪದದ ಕೊನೆಯ ಅಕ್ಷರವೇ ಕರ್ತೃ ಯಾವುದು, ಕರಣ ಯಾವುದು, ಸಂಬಂಧ ಯಾವುದು ಎಂಬುದನ್ನು ಹೇಳಿಬಿಡುವುದರಿಂದ ಇಂಗ್ಲಿಷಿನಲ್ಲಿ ಎಂಟು ಪದ ಬೇಕಾದ ಕಡೆ ಅದಕ್ಕೆ ಮೂರು ಸಾಕು. ಕ್ರಿಯಾಪದವನ್ನು ನುಂಗಿಕೊಂಡರೂ ಅರ್ಥ ಕೆಡುವುದಿಲ್ಲ. ಅರ್ಧಮಾತ್ರೆ ಉಳಿದರೆ ಪುತ್ರೋತ್ಸವವಾದಷ್ಟು ಸಂತೋಷಪಡುವ ವೈಯಾಕರಣರ ವಂಶದಲ್ಲಿ ಬೆಳೆದವರಿಗೆ ಇದರ ರುಚಿಯನ್ನು ಹೇಳಿಕೊಡಬೇಕೆ?

ಆದರೆ ಲ್ಯಾಟಿನ್ ವಾಕ್ಯವೆಂದ ಮಾತ್ರಕ್ಕೆ ಅದು ರೋಮನರ ಕಾಲದ್ದೆಂದು ತಿಳಿಯಬಾರದು. ರೋಮಿನ ದಂಡಿನವರು ಹಿಡಿದು ನಡೆದದ್ದು ಗರುಡನ ಪ್ರತಿಮೆಯನ್ನು. ಅವರ ಒಂದೊಂದು ದಂಡಿಗೂ ಒಂದು ಸಂಖ್ಯೆ, ಅದರೊಡನೆ ಒಂದು ಬಿರುದು ಇತ್ತು. ಹನ್ನೆರಡನೆಯ ದಂಡಿಗೆ "ಫುಲ್ಮಿನಾಟಾ" ಎಂದರೆ ಸಿಡಿಲನ್ನು ಧರಿಸಿದ್ದು ಎಂದು ಹೆಸರು. ಆರನೆಯದಕ್ಕೆ "ವಿಕ್ಟ್ರಿಕ್ಸ್" ಎಂದರೆ ವಿಜಯಿನಿ. ಇದು ನಮ್ಮ ದೇಶದ ಪದ್ಧತಿಗೆ ತೀರ ಹತ್ತಿರವಾದದ್ದು. ಇಲ್ಲಿಂದ ಬಹು ದೂರವಲ್ಲದ ತಲಕಾಡನ್ನು ಹೊಯ್ಸಳ ವಿಷ್ಣುವರ್ಧನನು ಚೋಳರಿಂದ ಗೆದ್ದುಕೊಂಡಾಗ "ತಳಕಾಡುಗೊಂಡ" ಎಂಬ ಬಿರುದನ್ನು ತಾಳಿ, ಅದನ್ನು ಕನ್ನಡ ಅಕ್ಷರಗಳಲ್ಲೇ ತನ್ನ ನಾಣ್ಯದ ಮೇಲೆ ಒತ್ತಿಸಿದನು. ಮೈಸೂರು ಒಡೆಯರಿಗೂ "ಬಿರುದೆಂತೆಂಬರ ಗಂಡ" ಎಂಬುದಿತ್ತು. ಬಿರುದಿಗೂ ಮುದ್ರಾವಾಕ್ಯಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ಬಿರುದು ಆಗಿಹೋದ ಕಾರ್ಯಕ್ಕೆ ಸಿಕ್ಕ ರಸೀತಿ. ಮುದ್ರಾವಾಕ್ಯ ಇನ್ನೂ ಮಾಡಬೇಕಾದದ್ದಕ್ಕೆ ಬರೆದುಕೊಟ್ಟ ಪತ್ರ. ಅದನ್ನು ಧರಿಸಿದವನು ಸಾಲಗಾರನು. ತಳಕಾಡುಗೊಂಡನೆಂಬ ಮಾತನ್ನು ಯಾರೂ ಸುಳ್ಳುಮಾಡುವ ಹಾಗಿಲ್ಲ. "ಎಂದಿಗೂ ಅಂಜುವುದಿಲ್ಲ" ಎಂಬ ಮಾತನ್ನು ಹೊತ್ತವನು ನಾಳೆ ಬೆಳಗ್ಗೆಯೇ ಅದನ್ನು ಸುಳ್ಳುಮಾಡಬಹುದು.

ನಮ್ಮ ಸೀಮೆಯ ಚರಿತ್ರೆಯೊಡನೆ ಹೆಣೆದುಕೊಂಡ ಒಂದು ಲ್ಯಾಟಿನ್ ವಾಕ್ಯವನ್ನು ಮೊದಲು ಎತ್ತಿಕೊಳ್ಳೋಣ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ದಂಡಿನಲ್ಲಿ ಇಂಗ್ಲಿಷರ 33ನೆಯ ಕಾಲಾಳು ಪಲ್ಟಣವಿತ್ತು. ಅದರ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ನಿನ ಡ್ಯೂಕನಾಗಿ ನೆಪೋಲಿಯನ್ನನನ್ನು ಸೋಲಿಸಿದವನು. ಆ ಡ್ಯೂಕನ ಲಾಂಛನದ ವಾಕ್ಯ "ವಿರ್ತೂತಿಸ್ ಫಾರ್ತೂನಾ ಕೊಮೆಸ್" ಎಂಬುದು. ಅವನು ತೀರಿಕೊಂಡ ಮರುವರ್ಷ, 1853ರಲ್ಲಿ, ಆ ಪಲ್ಟಣಕ್ಕೆ ಅವನ ಹೆಸರನ್ನೇ ಇಟ್ಟರು; ಅವನ ಮುದ್ರೆಯೂ ವಾಕ್ಯವೂ ಪಲ್ಟಣದ್ದಾದವು. 2006ರಲ್ಲಿ ಅದನ್ನು ಬೇರೆ ಪಲ್ಟಣಗಳೊಡನೆ ಕೂಡಿಸುವವರೆಗೂ ಆ ಹೆಸರು ಉಳಿದಿತ್ತು.

ಈಗ ಪದಚ್ಛೇದ. ಫಾರ್ತೂನಾ ಎಂಬುದು ನಮ್ಮ ರಮಾ, ಸೀತಾ ಶಬ್ದಗಳಂತೆ ಆಕಾರಾಂತವಾದ ಸ್ತ್ರೀಲಿಂಗ, ಭಾಗ್ಯದೇವತೆ ಎಂದರ್ಥ. ಕೊಮೆಸ್ ಎಂಬುದರಲ್ಲಿ ಮೊದಲ ಭಾಗಕ್ಕೆ ಜೊತೆ ಎಂದರ್ಥ, ಎರಡನೆಯದು ಹೋಗುವುದೆಂಬ ಧಾತು. ನಮ್ಮ "ಏತಿ" ಎಂಬಲ್ಲಿರುವ ಇ ಧಾತುವೇ ಅದು. ಒಟ್ಟಿನಲ್ಲಿ ಸಹಗಾಮಿ. ವಿರ್ತೂತಿಸ್ ಎಂಬುದು ಷಷ್ಠಿ. ಅದರ ಮೂಲದಲ್ಲಿರುವ "ವಿರ್" ಎಂಬ ಶಬ್ದವು ನಮ್ಮ "ವೀರ"ನ ಒಡಹುಟ್ಟು. ಆದ್ದರಿಂದ ಅದನ್ನು ಪೌರುಷದ ಎಂದೋ ವೀರ್ಯದ ಎಂದೋ ಹೇಳಬೇಕು. ಪೌರುಷಕ್ಕೆ ಭಾಗ್ಯಲಕ್ಷ್ಮಿಯು ಸಹಚಾರಿಣಿ ಎಂಬುದು ಒಟ್ಟು ತಾತ್ಪರ್ಯ. ನಮ್ಮ ರಜಪುತಾನಾ ರೈಫಲ್ಸ್ ಪಲ್ಟಣದ "ವೀರಭೋಗ್ಯಾ ವಸುಂಧರಾ" ಎಂಬ ವಾಕ್ಯದ ಪಕ್ಕದಲ್ಲಿ ಇದನ್ನಿಟ್ಟರೆ, ಎರಡು ಭಾಷೆಗಳಲ್ಲಿ ಒಂದೇ ಧಾತುವಿನಿಂದ ಒಂದೇ ಜಾತಿಯ ಹೆಮ್ಮೆ ಹೊರಟಿರುವುದು ಕಾಣುತ್ತದೆ. ಇಂಗ್ಲಿಷಿನಲ್ಲಿ ಇದೇ ಶಬ್ದ ಕಾಲಕ್ರಮದಲ್ಲಿ ಸದ್ಗುಣವೆಂಬ ಅರ್ಥಕ್ಕೆ ತಿರುಗಿದುದರಿಂದ "ಸದ್ಗುಣಿಗೆ ಅದೃಷ್ಟ ಒಲಿಯುತ್ತದೆ" ಎಂದು ಕೆಲವರು ತರ್ಜುಮೆ ಮಾಡುವುದುಂಟು. ಅದು ಮಕ್ಕಳ ನೀತಿಪಾಠಕ್ಕೆ ಸರಿಹೋದೀತು, ದಂಡಿನ ಬಿಲ್ಲೆಗೆ ಸರಿಹೋಗದು.

ವಾಕ್ಯ ಸತ್ಯವೆ ಎಂದು ಕೇಳಿದರೆ, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ತೋಪಿನಲ್ಲಿ ಈ ಸಹಚಾರಿಣಿ ವೆಲ್ಲೆಸ್ಲಿಯ ಕೈಬಿಟ್ಟಿದ್ದಳೆಂಬುದು ಪ್ರಸಿದ್ಧ. ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರ ಗುಂಡಿಗೆ ಸಿಕ್ಕಿ, ಅವನ ದಂಡು ಚೆದರಿ ಹಿಂದಿರುಗಿತು. ಮಾರನೆಯ ಬೆಳಗ್ಗೆ ಬೆಳಕಿನಲ್ಲಿ ಹೆಚ್ಚಿನ ದಂಡಿನೊಡನೆ ಹೋಗಿ ಆ ತೋಪನ್ನು ಹಿಡಿದರು. ಭಾಗ್ಯಲಕ್ಷ್ಮಿಗೂ ಹಗಲು ಬೇಕಾಗಿತ್ತೆಂದು ಕಾಣುತ್ತದೆ.

ಈ ಡ್ಯೂಕನ ಹೆಸರು ನಮಗೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಉದಕಮಂಡಲಕ್ಕೆ ಹತ್ತಿ, ಅಲ್ಲಿಂದ ಕೂನೂರಿನ ಕಡೆಗೆ ಇಳಿದರೆ ಸಿಕ್ಕುವ ದಂಡಿನ ಊರಿಗೆ ವೆಲಿಂಗ್ಟನ್ ಎಂದು ಹೆಸರು. ಮೊದಲು ಅದು ಜಕ್ಕತಾಳ. ನಮ್ಮ ಕಡೆಯ ಹುಡುಗರು ಮದ್ರಾಸ್ ರೆಜಿಮೆಂಟಿಗೆ ಸೇರಿದರೆ ತರಬೇತಿಗೆ ಹೋಗುವುದು ಅಲ್ಲಿಗೇ. ಆ ರೆಜಿಮೆಂಟಿನ ಮುದ್ರೆಯಲ್ಲಿರುವ ಆನೆಯು 1803ರ ಸೆಪ್ಟೆಂಬರ್ 23ರಂದು ನಡೆದ ಅಸ್ಸಾಯೆ ಕದನದ ಗುರುತು. ಆ ಕದನದ ಸೇನಾಪತಿ ಇದೇ ವೆಲ್ಲೆಸ್ಲಿ. ಆ ವರ್ಷದ ದಂಡಯಾತ್ರೆಯಲ್ಲಿ ಮೈಸೂರಿನ ಕುದುರೆ ಸವಾರರೂ ಇದ್ದರು. ಹೀಗೆ ಚಿತ್ರ ಇಂಗ್ಲಿಷರ ಕಾಲದ್ದು, ವಾಕ್ಯ ಮಾತ್ರ ಗೀತೆಯ ಮೂರನೆಯ ಅಧ್ಯಾಯದ್ದು: "ಸ್ವಧರ್ಮೇ ನಿಧನಂ ಶ್ರೇಯಃ." ಇದರ ವಿಷಯವನ್ನು ಸ್ವಲ್ಪ ತಡೆದು ಹೇಳುತ್ತೇವೆ.

ಅದೇ ವೆಲಿಂಗ್ಟನ್ನಿನಲ್ಲಿ ಹಿರಿಯ ಅಧಿಕಾರಿಗಳು ಓದುವ ಸ್ಟಾಫ್ ಕಾಲೇಜು ಇದೆ. ದೇಶ ವಿಭಾಗವಾದಾಗ ಕ್ವೆಟ್ಟಾದಲ್ಲಿದ್ದದ್ದು ಪಾಕಿಸ್ತಾನಕ್ಕೆ ಉಳಿದುದರಿಂದ ಭಾರತದವರು 1947ರಲ್ಲಿ ಇಲ್ಲಿ ತಮ್ಮದನ್ನು ಸ್ಥಾಪಿಸಿಕೊಂಡರು. ಇವುಗಳಿಗೆಲ್ಲ ಮಾದರಿಯಾದ ಇಂಗ್ಲೆಂಡಿನ ಕೇಂಬರ್ಲಿಯ ಕಾಲೇಜಿನ ವಾಕ್ಯ "ತಾಮ್ ಮಾರ್ತೆ ಕ್ವಾಮ್ ಮಿನೆರ್ವಾ." ಮಾರ್ಸ್ ಯುದ್ಧದ ದೇವತೆ, ಮಿನೆರ್ವಾ ಬುದ್ಧಿಯ ದೇವತೆ, ಎರಡೂ ತೃತೀಯಾರ್ಥದಲ್ಲಿವೆ. ಯುದ್ಧದೇವತೆಯಿಂದ ಎಷ್ಟೋ ಬುದ್ಧಿದೇವತೆಯಿಂದಲೂ ಅಷ್ಟೇ ಎಂದು ಅರ್ಥ. ವೆಲಿಂಗ್ಟನ್ನಿನವರು ಇಟ್ಟುಕೊಂಡದ್ದು "ಯುದ್ಧಂ ಪ್ರಜ್ಞಯಾ" ಎಂದು. ಲ್ಯಾಟಿನ್ನಿನ ತಕ್ಕಡಿಯಲ್ಲಿ ಎರಡು ತಟ್ಟೆಗಳೂ ಸಮವಾಗಿ ತೂಗುತ್ತವೆ. ಸಂಸ್ಕೃತದಲ್ಲಿ ತಕ್ಕಡಿಯೇ ಇಲ್ಲ. ಯುದ್ಧವೆಂಬುದು ಪ್ರಜ್ಞೆಯೆಂಬ ಕರಣದಿಂದ ನಡೆಯಬೇಕಾದ ಕಾರ್ಯ ಮಾತ್ರ. ಇದು ಮೂಲಕ್ಕಿಂತ ಮೇಲಾಯಿತೆಂದು ನಮಗೆ ತೋರುತ್ತದೆ. ಆದರೆ ಮಿನೆರ್ವೆಯ ಗೂಬೆಯನ್ನು ಮಾತ್ರ ಇಲ್ಲಿಯ ಲಾಂಛನದಲ್ಲಿಯೂ ಉಳಿಸಿಕೊಂಡಿದ್ದಾರೆ. ಪಾಶ್ಚಾತ್ಯರಿಗೆ ಅದು ಜ್ಞಾನದ ಪಕ್ಷಿ. ಮನೆಯ ಸೂರಿನ ಮೇಲೆ ಗೂಬೆ ಕೂಗಿದರೆ ಶಾಂತಿ ಮಾಡಿಸುವ ನಮ್ಮ ಊರಿನ ಮುದುಕಿಯರಿಗೆ ಅದನ್ನು ಒಪ್ಪಿಸುವ ಕೆಲಸವನ್ನು ನಾವಂತೂ ವಹಿಸಿಕೊಳ್ಳುವುದಿಲ್ಲ.

ಇನ್ನು ಒಂದೇ ಪದದ ವಾಕ್ಯವೊಂದಿದೆ. ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಸ್ಯಾಪರ್ಸ್ ದಂಡಿನವರು, ಅಂದರೆ ಸೇತುವೆ ಕಟ್ಟುವ, ದಾರಿ ಕಡಿಯುವ, ಸುರಂಗ ತೋಡುವ ದಂಡಿನವರು, "ಸರ್ವತ್ರ" ಎಂಬ ಪದವನ್ನು ಧರಿಸುತ್ತಾರೆ. ಭಾರತದ ಇಂಜಿನಿಯರ್ ದಳಕ್ಕೆಲ್ಲ ಅದೇ ವಾಕ್ಯ. ಇದು "ಉಬೀಕ್ವೆ" ಎಂಬುದರ ನೇರ ತರ್ಜುಮೆ. ಉಬೀ ಎಂದರೆ ಎಲ್ಲಿ. ಕೊನೆಯ ಕ್ವೆ ನಮ್ಮ "ಚ"ಕಾರದ ಸೋದರ. 1832ರಲ್ಲಿ ನಾಲ್ಕನೆಯ ವಿಲಿಯಂ ದೊರೆಯು ಇಂಗ್ಲಿಷರ ಫಿರಂಗಿ ದಳಕ್ಕೂ ಇಂಜಿನಿಯರ್ ದಳಕ್ಕೂ ಈ ಪದವನ್ನು ಕೊಟ್ಟನು. ಮಿಕ್ಕ ಪಲ್ಟಣಗಳು ತಾವು ಕಾದಿದ ಸ್ಥಳಗಳ ಹೆಸರನ್ನು ಪತಾಕೆಯ ಮೇಲೆ ಬರೆದುಕೊಳ್ಳುತ್ತವೆ. ಇವರಿಲ್ಲದೆ ಯಾವ ಕದನವೂ ನಡೆದಿಲ್ಲವಾದ್ದರಿಂದ ಆ ಪಟ್ಟಿಗೆ ಬದಲಾಗಿ "ಎಲ್ಲೆಲ್ಲಿಯೂ" ಎಂಬ ಒಂದು ಪದ. ಫಿರಂಗಿಯವರ ಗುಂಡು ಗುರಿ ಬಿಟ್ಟು ಎಲ್ಲೆಂದರಲ್ಲಿ ಬೀಳುವುದರಿಂದ ಈ ಪದ ಬಂತೆಂದು ಕಾಲಾಳುಗಳು ಹಾಸ್ಯಮಾಡುತ್ತಿದ್ದರಂತೆ.

ಆ ಎರಡು ದಳಗಳ ಲ್ಯಾಟಿನ್ ವಾಕ್ಯ ಅಷ್ಟಕ್ಕೇ ಮುಗಿಯುವುದಿಲ್ಲ. "ಕ್ವೋ ಫಾಸ್ ಎತ್ ಗ್ಲೋರಿಯಾ ದೂಕುಂತ್" ಎಂದು ಅದಕ್ಕೆ ಉತ್ತರಾರ್ಧವುಂಟು. ದೂಕುಂತ್ ಎಂಬಲ್ಲಿಯ ಅಂತ್ಯವು ನಮ್ಮ ನಯಂತಿ, ಗಚ್ಛಂತಿ ಎಂಬುವುಗಳ ಬಹುವಚನವೇ. ಫಾಸ್ ಮತ್ತು ಕೀರ್ತಿ ಎಲ್ಲಿಗೆ ಕರೆದೊಯ್ಯುವುವೋ ಅಲ್ಲಿಗೆ, ಎಂದರ್ಥ. ಫಾಸ್ ಎಂಬುದು ಬಹು ಗಂಭೀರವಾದ ಶಬ್ದ. ರೋಮನರು ಮನುಷ್ಯರು ಮಾಡಿದ ಕಾನೂನಿಗೆ ಬೇರೆ ಪದವನ್ನಿಟ್ಟುಕೊಂಡಿದ್ದರು. ಫಾಸ್ ಎಂದರೆ ದೇವತೆಗಳಿಗೂ ಒಪ್ಪಿಗೆಯಾದದ್ದು, ನಮ್ಮ ಋತ ಅಥವಾ ಧರ್ಮ. ಅದನ್ನು ಕೀರ್ತಿಗಿಂತ ಮೊದಲು ಇಟ್ಟಿದ್ದಾರೆಂಬುದನ್ನು ನೋಡಬೇಕು. ಹರದಾರಿಗಳಾಚೆಗೆ ಬೆಂಕಿಯನ್ನು ಎಸೆಯಬಲ್ಲವನಿಗೆ, ತಾನು ಕೊಂದವನ ಮುಖವನ್ನು ನೋಡದವನಿಗೆ, ಮುಂದೆ ಧರ್ಮ ನಡೆಯಲಿ, ಕೀರ್ತಿ ಹಿಂದೆ ಬರಲಿ ಎಂದು ಕಟ್ಟುಮಾಡಿದ್ದು ವಿವೇಕ. ನಮ್ಮ ಭಾರತದ ಫಿರಂಗಿ ದಳದವರು ಈ ವಾಕ್ಯವನ್ನು ತಿರುಗಿಸಿಕೊಂಡಾಗ "ಸರ್ವತ್ರ ಇಜ್ಜತ್-ಓ-ಇಕ್ಬಾಲ್" ಎಂದಾಯಿತು. ಸಂಸ್ಕೃತದೊಡನೆ ಪಾರಸಿಯನ್ನು ಬೆರೆಸಿದರೆಂದು ನಮ್ಮ ಆಕ್ಷೇಪವಿಲ್ಲ. ಜಮೀನು, ಸರ್ಕಾರ, ದಸ್ತಾವೇಜು ಎಂದು ದಿನವೂ ಆಡುವ ನಮಗೆ ಅಂತಹ ಮಡಿ ಸಲ್ಲದು. ದಂಡಿನಲ್ಲಿ ಎಲ್ಲ ಸೀಮೆಯವರೂ ಎಲ್ಲ ಮತದವರೂ ಇರುವುದರಿಂದ ಆ ಬೆರಕೆ ಯುಕ್ತವೂ ಹೌದು. ನಮ್ಮ ಕೊರತೆ ಅರ್ಥದ ವಿಷಯದಲ್ಲಿ. ಇಜ್ಜತ್ ಎಂದರೆ ಮಾನ, ಇಕ್ಬಾಲ್ ಎಂದರೆ ಅಭ್ಯುದಯ. ಮಾನವೆಂಬುದು ಇತರರು ಕೊಡುವಂತಹುದು; ಫಾಸ್ ಎಂಬುದು ಯಾರು ಕೊಡದಿದ್ದರೂ ಇರುವಂತಹುದು. ಸರ್ವತ್ರ ಎಂಬುದು ಉಳಿಯಿತು, ಕಡಿವಾಣ ಮಾತ್ರ ದಾರಿಯಲ್ಲಿ ಬಿದ್ದುಹೋಯಿತು.

ಮುದ್ರಾವಾಕ್ಯಗಳಲ್ಲಿ ಇಂತಹ ಕತ್ತರಿಯ ಕೆಲಸ ಯಾವಾಗಲೂ ಇರುತ್ತದೆ. ಶ್ಲೋಕದ ತಲೆಯನ್ನೋ ಬಾಲವನ್ನೋ ಕತ್ತರಿಸಿ ನಡುವಿನ ಎರಡು ಪದಗಳನ್ನು ಫಲಕದ ಮೇಲಿಟ್ಟಾಗ, ಕತ್ತರಿಸಿ ಎಸೆದದ್ದರಲ್ಲಿ ಏನಿತ್ತೆಂದು ಕೇಳುವುದು ಉಪಾಧ್ಯಾಯರ ಚಾಳಿ. ವಾಯುಸೇನೆಯ "ನಭಃಸ್ಪೃಶಂ ದೀಪ್ತಮ್" ಎಂಬುದನ್ನೇ ನೋಡಿರಿ. ಆಕಾಶವನ್ನು ಮುಟ್ಟುವ, ಜ್ವಲಿಸುವ ಎಂದು ಅರ್ಥ. ವಿಮಾನಕ್ಕೆ ಇದಕ್ಕಿಂತ ಸೊಗಸಾದ ವಿಶೇಷಣ ಸಿಕ್ಕದು. ಇಂಗ್ಲಿಷರ ವಾಯುದಳದವರು 1913ರಿಂದ ಇಟ್ಟುಕೊಂಡ "ಪೆರ್ ಆರ್ದುವಾ ಆದ್ ಆಸ್ತ್ರಾ", ಅಂದರೆ ಕಷ್ಟಗಳ ಮೂಲಕ ನಕ್ಷತ್ರಗಳೆಡೆಗೆ, ಎಂಬುದಕ್ಕೂ ಇದು ಸೋಲುವುದಿಲ್ಲ. ಆದರೆ ಎರಡು ಪದಗಳೂ ದ್ವಿತೀಯಾ ವಿಭಕ್ತಿಯಲ್ಲಿವೆ. ಯಾರನ್ನು, ಏನು ಮಾಡಿ, ಎಂಬ ಆಕಾಂಕ್ಷೆ ಉಳಿಯುತ್ತದೆ. ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ತೆರೆದರೆ ಉತ್ತರ ಸಿಕ್ಕುತ್ತದೆ: ಅಂತಹ ನಿನ್ನನ್ನು ನೋಡಿ ನನ್ನ ಅಂತರಾತ್ಮ ನಡುಗುತ್ತಿದೆ, ಧೈರ್ಯವೂ ಇಲ್ಲ ಶಾಂತಿಯೂ ಇಲ್ಲ ಎಂದು ಅರ್ಜುನನು ವಿಶ್ವರೂಪದೆದುರು ಹೇಳಿದ ಮಾತು ಅದು. ಧೀರರ ಭುಜದ ಮೇಲಿರುವುದು ಭಯಗೊಂಡವನ ಉದ್ಗಾರ! ಇದರಿಂದ ವಾಕ್ಯ ಕೆಟ್ಟಿತೆಂದು ನಾವು ಹೇಳುವುದಿಲ್ಲ. ಶತ್ರುವು ತಲೆಯೆತ್ತಿ ನೋಡಿ ಆಡಬೇಕಾದ ಮಾತನ್ನು ಮೊದಲೇ ಬರೆದಿಟ್ಟುಕೊಂಡಿದ್ದಾರೆಂದು ಅನ್ವಯಿಸಿಕೊಂಡರೆ ವಿಭಕ್ತಿಯೂ ಸರಿಹೋಗುತ್ತದೆ.

ನಮ್ಮ ಮೈಸೂರಿನದೇ ಇನ್ನೊಂದು. ಸಂಸ್ಥಾನದ ಗಂಡಭೇರುಂಡ ಲಾಂಛನದ ಮೇಲೆ "ನ ಬಿಭೇತಿ ಕದಾಚನ" ಎಂದೂ, ಕೆಳಗೆ "ಸತ್ಯಮೇವೋದ್ಧರಾಮ್ಯಹಮ್" ಎಂದೂ ಇತ್ತು. ಎರಡನೆಯದು ಉತ್ತಮಪುರುಷ: ಸತ್ಯವನ್ನೇ ನಾನು ಎತ್ತಿಹಿಡಿಯುತ್ತೇನೆ ಎಂದು ದೊರೆಯೇ ಆಡುವ ಮಾತು. ಮೊದಲನೆಯದು ಪ್ರಥಮಪುರುಷ: ಎಂದೆಂದಿಗೂ ಹೆದರುವುದಿಲ್ಲ. ಯಾರು? ತೈತ್ತಿರೀಯೋಪನಿಷತ್ತಿನಲ್ಲಿ ಅದರ ಕರ್ತೃ ಬ್ರಹ್ಮಾನಂದವನ್ನು ಬಲ್ಲವನು, ಖಡ್ಗ ಹಿಡಿದವನಲ್ಲ. ಈ ಲಾಂಛನದ ರಾಜ್ಯಕ್ಕೆ ಸೇರಿದ ಕುದುರೆ ದಂಡಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು, ಅಸ್ಸಾಯೆಯ ತಾರೀಖಿನಂದೇ, ಹೈಫಾ ಪಟ್ಟಣದ ಮೇಲೆ ನುಗ್ಗಿತು. ಜೋಧಪುರದ ಸವಾರರು ಪಟ್ಟಣದ ಕಡೆಗೆ ಏರಿಹೋಗುವಾಗ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ತುರ್ಕಿಯವರ ಫಿರಂಗಿಗಳ ಮೇಲೆ ಬಿದ್ದಿತು. ಭರ್ಜಿ ಹಿಡಿದು ಯಂತ್ರದ ಬಂದೂಕುಗಳಿಗೆ ಎದುರಾಗಿ ಬೆಟ್ಟ ಹತ್ತಿದ ಆ ಸವಾರರಲ್ಲಿ ಬ್ರಹ್ಮಾನಂದವನ್ನು ಬಲ್ಲವರು ಎಷ್ಟು ಮಂದಿಯೋ ಈಶ್ವರನೇ ಬಲ್ಲ. ಕ್ರಿಯಾಪದವನ್ನಂತೂ ಅವರು ಸಾರ್ಥಕಮಾಡಿದರು. ದೆಹಲಿಯಲ್ಲಿ ಆ ಸವಾರರ ಸ್ಮಾರಕವಿರುವ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನು ಸೇರಿಸಿದ್ದಾರೆ. ಸಂಸ್ಥಾನಗಳು ಸೇರಿಹೋದ ಮೇಲೆ ಅವುಗಳ ಕುದುರೆ ದಂಡುಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ ಪಡೆಯೇ 61ನೆಯ ಕ್ಯಾವಲ್ರಿ, ಅದರ ವಾಕ್ಯ "ಅಶ್ವ ಶಕ್ತಿ ಯಶೋಬಲ." ಇದರಲ್ಲಿ ವಿಭಕ್ತಿಯೂ ಇಲ್ಲ, ಕ್ರಿಯೆಯೂ ಇಲ್ಲ. ವ್ಯಾಕರಣದವರು ಸುಮ್ಮನಿರುವುದೇ ಲೇಸು.

ಈಗ "ಸ್ವಧರ್ಮೇ ನಿಧನಂ ಶ್ರೇಯಃ" ಎಂಬುದಕ್ಕೆ ಬರೋಣ. ನಮ್ಮಲ್ಲಿ ಓದಿದ ಹುಡುಗನೊಬ್ಬನು ಮದ್ರಾಸ್ ರೆಜಿಮೆಂಟಿನಲ್ಲಿದ್ದಾನೆ. ಅವನು ತಂದ ಫಲಕದಲ್ಲಿ ಈ ವಾಕ್ಯವನ್ನು ನಾಗರಾಕ್ಷರದಲ್ಲಿ ಕೆತ್ತಿದ್ದರು. ಅವನು ರಜೆ ಮುಗಿಸಿ ಹೊರಟುಹೋದ ಮೇಲೆ ಶಾಲೆಯ ಮಗುವೊಂದು ಅದನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿತು. ಹುಡುಗನ ತಾಯಿಗೆ ಸಂಸ್ಕೃತ ಬಾರದು. ಆದರೆ ವೃತ್ತಪತ್ರಿಕೆಯಲ್ಲಿ ಕಪ್ಪು ಗೆರೆಯ ಚೌಕದೊಳಗೆ ನಿತ್ಯವೂ ಅಚ್ಚಾಗುವ "ನಿಧನ" ಎಂಬ ಪದ ಬಾರದ ಕನ್ನಡಿಗರಿಲ್ಲ. ಆಕೆ ಫಲಕವನ್ನು ಗೋಡೆಯಿಂದ ಇಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಜಗಲಿಗೆ ಬಂದಳು. ಮನೆಯ ಗೋಡೆಯ ಮೇಲೆ ಇಂತಹ ಮಾತನ್ನು ಇಡಬಹುದೆ ಎಂದು ಆಕೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಸ್ತ್ರೀಸಹಜವಾದ ಅಂಜಿಕೆಯೆಂದು ತಳ್ಳಿಹಾಕುವ ವಿದ್ವಾಂಸರಿದ್ದಾರೆ. ನಮಗೆ ಅದು ಸರಿತೋರಲಿಲ್ಲ. ಆಕೆ ಕೇಳಿದ್ದು ವಾಕ್ಯಾರ್ಥದ ಪ್ರಶ್ನೆಯೇ. ನಾವು ಹೇಳಿದ್ದು ಹೀಗೆ: ಈ ವಾಕ್ಯದಲ್ಲಿ ಪ್ರಧಾನಪದ ನಿಧನವಲ್ಲ, ಶ್ರೇಯಸ್ಸು. ಶ್ರೇಯಃ ಎಂಬುದು ತಾರತಮ್ಯವನ್ನು ಹೇಳುವ ರೂಪ. ಎರಡರಲ್ಲಿ ಒಂದು ಮೇಲು ಎಂದು ಅರ್ಥ. ಯಾವುದಕ್ಕಿಂತ ಮೇಲು ಎಂಬುದನ್ನು ಕತ್ತರಿಸಿಬಿಟ್ಟಿದ್ದಾರೆ. ತನ್ನದಲ್ಲದ ಧರ್ಮವನ್ನು ಹಿಡಿದು ಬದುಕುವುದು ಭಯಾವಹವೆಂದು ಗೀತೆ ಅಲ್ಲಿ ಹೇಳುತ್ತದೆ. ಆದ್ದರಿಂದ ಇದು ಸಾವನ್ನು ಬಯಸೆಂದು ಹೇಳುವ ವಾಕ್ಯವಲ್ಲ. ಹಿಡಿದ ಕೆಲಸವನ್ನು ಬಿಟ್ಟು ಓಡುವುದಕ್ಕಿಂತ ಅದು ಮೇಲೆಂದು ಹೇಳುತ್ತದೆ, ಅಷ್ಟೇ. ನಮ್ಮ ಸೀಮೆಯ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಆಕೆಗೆ ನೆನಪಿಗೆ ತಂದೆವು. ದನ ಕಾಯಲು ಹೋಗಿ, ಊರು ಕಾಯಲು ಹೋಗಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳು ಅವು.

"ಮಡಿದವರಿಗೇ ನಿಲ್ಲಿಸಿದ್ದು ತಾನೇ ಸ್ವಾಮಿ" ಎಂದಳು ಆಕೆ.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆ, ಎಲ್ಲ ದಂಡಿನವರ ಮಾತೂ ಹೀಗೆಯೇ ಇರುತ್ತದೆಯೆ, ಹೋದವನು ತಿರುಗಿ ಬರಲಿ ಎಂದು ಹೇಳುವುದು ಒಂದಾದರೂ ಇಲ್ಲವೆ ಎಂದು ಕೇಳಿದಳು. ನಾವು ಯೋಚಿಸಿ ನೋಡಿದೆವು. ಗೆಲ್ಲುತ್ತೇವೆ, ಸಾಯುತ್ತೇವೆ, ಸೇವೆ ಮಾಡುತ್ತೇವೆ, ಎಲ್ಲೆಲ್ಲಿಯೂ ಇರುತ್ತೇವೆ ಎಂದು ಹೇಳುವ ವಾಕ್ಯಗಳೇ ಹೆಚ್ಚು. ಬೇಡಿಕೊಳ್ಳುವ ವಾಕ್ಯ ಬಹು ಅಪರೂಪ. ವೈದ್ಯದಳದವರದು "ಸರ್ವೇ ಸಂತು ನಿರಾಮಯಾಃ", ಎಲ್ಲರೂ ರೋಗವಿಲ್ಲದೆ ಇರಲಿ ಎಂದು. ನೌಕಾದಳದವರದು "ಶಂ ನೋ ವರುಣಃ." ಮೊದಲನೆಯ ಭಾರತೀಯ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರ್ಯರು ಇದನ್ನು ಸೂಚಿಸಿದರೆಂದು ಪ್ರಸಿದ್ಧಿ. ಉಪನಿಷತ್ತಿನ ಶಾಂತಿಮಂತ್ರದಲ್ಲಿ ಮಿತ್ರನಿಗೂ ವರುಣನಿಗೂ ಕೂಡಿ ಇರುವ ಪ್ರಾರ್ಥನೆಯಿಂದ ನಾವಿಕರಿಗಾಗಿ ವರುಣನನ್ನು ಮಾತ್ರ ತೆಗೆದುಕೊಂಡಿದ್ದಾರೆ. ನಃ ಎಂದರೆ ನಮಗೆ. ಸಂಧಿಯಲ್ಲಿ ನೋ ಎಂದಾಗಿದೆ. ನೀರಿನ ದೇವರು ನಮಗೆ ಒಳಿತನ್ನು ಮಾಡಲಿ. ಕ್ರಿಯಾಪದವನ್ನು ನಾವೇ ತಂದುಕೊಳ್ಳಬೇಕು.

ಆಕೆ ಅದನ್ನು ಎರಡು ಸಲ ಹೇಳಿಸಿಕೊಂಡು, ಹುಡುಗನ ಟೋಪಿಗೆ ಇದನ್ನೇ ಹಾಕಿಸಬಹುದೆ ಎಂದಳು. ದಂಡಿನ ಕಟ್ಟಳೆ ಅದಕ್ಕೆ ಒಪ್ಪದೆಂದು ತಿಳಿಸಿದೆವು. ಆಗ ನಮ್ಮ ಮೇಜಿನ ಮೇಲಿದ್ದ ಕಾಗದದ ಚೂರಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆಯಿಸಿಕೊಂಡು, ಫಲಕದ ಹಿಂಭಾಗಕ್ಕೆ ಅಂಟಿಸುತ್ತೇನೆಂದು ಹೇಳಿ ಎರಡನ್ನೂ ತೆಗೆದುಕೊಂಡು ಹೋದಳು.